ನಮ್ಮ ಪುಟ್ಟಿ ರೈಟ್ ಬ್ರೈನ್ ಅಂತೆ!

ಇಂಜಿನಿಯರಿಂಗ್ ಸೇರಿದ ಮೇಲೆ ರಜೆಗೆ ಊರಿಗೆ ಹೋದ್ರೆ ಏನಾಗುತ್ತೆ ಅಂತ ನಿಮಗೆಲ್ಲಾ ಗೊತ್ತು. ಬ್ರಾಂಚ್ ಯಾವುದೇ ಇರಲಿ, ಮಿಕ್ಸಿ ರಿಪೇರಿ ನಿಮ್ಮದೇ. ಟಿವಿ ರಿಮೋಟ್ ನಿಮ್ಮದೇ. ಪಕ್ಕದ ಮನೆ ಅಂಕಲ್ ಫೋನಲ್ಲಿ ಸ್ಟೋರೇಜ್ ಫುಲ್ ಆದ್ರೆ ಅದೂ ನಿಮ್ಮದೇ. ನಾನು ಇಸಿ. ಮೂರನೇ ಸೆಮ್ ಮುಗಿಸಿ ಸಂಕ್ರಾಂತಿಗೆ ಹಾಸನದ ಚಿಕ್ಕಪ್ಪನ ಮನೆಗೆ ಹೋದಾಗ ನನ್ನ ಮುಂದೆ ಬಂದದ್ದು ಮಿಕ್ಸಿ ಅಲ್ಲ, ಒಂದು ಮೆದುಳಿನ ರಿಪೋರ್ಟ್.

ಚಿಕ್ಕಪ್ಪನ ಮಗಳು ಪುಟ್ಟಿಗೆ ಒಂಬತ್ತು ವರ್ಷ. ಅವಳ ಹತ್ತೂ ಬೆರಳಿನ ಅಚ್ಚು ತೆಗೆದುಕೊಂಡು ಯಾರೋ ಒಂದು ದಪ್ಪ ಕಲರ್ ರಿಪೋರ್ಟ್ ಕೊಟ್ಟಿದ್ದರು. ಒಳಗೆ ಪೈ ಚಾರ್ಟ್, ಬಾರ್ ಚಾರ್ಟ್, ಮೆದುಳಿನ ಚಿತ್ರ. ಮೆದುಳಿನ ಎಡಭಾಗ ಬೂದು ಬಣ್ಣ, ಬಲಭಾಗ ಕಾಮನಬಿಲ್ಲು. ಕೊನೇಲಿ ತೀರ್ಪು: ಈ ಮಗು ‘ರೈಟ್ ಬ್ರೈನ್’, ಸೃಜನಶೀಲ, ಚಿತ್ರಗಳ ಮೂಲಕ ಕಲಿಯುತ್ತೆ, ಮಾಮೂಲಿ ಶಾಲೆ ಇವಳಿಗೆ ಹೊಂದಲ್ಲ.

ಚಿಕ್ಕಮ್ಮ ಜೂನ್‌ನಿಂದಲೇ ಪುಟ್ಟಿಯನ್ನ ಶಾಲೆಯಿಂದ ಬಿಡಿಸಿ ಮನೆಯಲ್ಲೇ ಕಲಿಸುತ್ತಿದ್ದಾರೆ. ಅದಕ್ಕಾಗಿ ತಮ್ಮ ಕೆಲಸವನ್ನೂ ಬಿಟ್ಟಿದ್ದಾರೆ. ಮನೇಲಿ ಈ ವಿಷಯಕ್ಕೆ ಎರಡು ಪಾರ್ಟಿ ಆಗಿತ್ತು. ಅಜ್ಜಿಯದು, “ಮಗೂನ ಮನೇಲಿ ಕೂರಿಸ್ಕೊಂಡು ಹಾಳ್ ಮಾಡ್ತಿದ್ದಾಳೆ” ಪಾರ್ಟಿ. ಚಿಕ್ಕಪ್ಪ ಮಧ್ಯದಲ್ಲಿ, ಯಾವ ಕಡೆಗೆ ವೋಟು ಹಾಕಬೇಕು ಅಂತ ಗೊತ್ತಾಗದೆ. ಅವರೇ ರಿಪೋರ್ಟ್ ನನ್ನ ಕೈಗೆ ಕೊಟ್ಟು ಹೇಳಿದ್ದು: “ನೀನು ಇಂಜಿನಿಯರು. ನೀನೇ ಓದಿ ಹೇಳಮ್ಮ, ಇದು ನಿಜಾನಾ?”

ನಾನು ಎರಡು ಪುಟ ತಿರುಗಿಸಿ “ಇದೆಲ್ಲಾ ಬರೀ ಬುರುಡೆ ಚಿಕ್ಕಪ್ಪ” ಅಂದುಬಿಟ್ಟೆ. ಚಿಕ್ಕಮ್ಮ ಮಾತಾಡದೆ ಎದ್ದು ಒಳಗೆ ಹೋದರು. ನಾನು ಹೇಳಿದ್ದು ತಪ್ಪಾಗಿರಲಿಲ್ಲ. ಆದ್ರೆ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧ ನನಗೇ ಗೊತ್ತಾಗೋಕೆ ಆ ಮನೇಲಿ ಒಂದು ವಾರ ಇರಬೇಕಾಯ್ತು. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಬುರುಡೆ ಯಾಕೆ ಅಂತ

ಬೆರಳಚ್ಚಿನಿಂದ ಬುದ್ಧಿ ಅಳೆಯೋದು ಸುಮ್ಮನೆ ವ್ಯಾಪಾರ. ಆಧಾರ್‌ಗೆ ಕೊಡೋ ಬೆರಳಚ್ಚು ನೀವು ಯಾರು ಅಂತ ಹೇಳುತ್ತೆ. ನಿಮಗೆ ಭಾಗಾಕಾರ ಬರುತ್ತಾ, ಸಂಗೀತ ಬರುತ್ತಾ ಅಂತ ಹೇಳಲ್ಲ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ.

ಎಡ ಮೆದುಳು, ಬಲ ಮೆದುಳು ಅನ್ನೋ ಕಥೆ ಮಾತ್ರ ಪೂರ್ತಿ ಗಾಳಿಯಿಂದ ಹುಟ್ಟಿದ್ದಲ್ಲ. ಅದರ ಹಿಂದೆ ಒಂದು ಅದ್ಭುತ ಪ್ರಯೋಗ ಇದೆ. ಮೆದುಳಿನ ಎರಡು ಅರ್ಧಗಳ ಮಧ್ಯೆ ಸುಮಾರು 20 ಕೋಟಿ ನರತಂತುಗಳ ಒಂದು ಕಟ್ಟು ಇದೆ, ಕಾರ್ಪಸ್ ಕಲೋಸಮ್ ಅಂತ. ನಮ್ಮ ಭಾಷೇಲಿ ಹೇಳೋದಾದ್ರೆ ಎರಡು ಪ್ರೊಸೆಸರ್ ನಡುವಿನ ಡೇಟಾ ಬಸ್. ವಿಪರೀತ ಮೂರ್ಛೆರೋಗ ಇದ್ದ ಕೆಲವರಿಗೆ, ಬೇರೆ ದಾರಿ ಇಲ್ಲದೆ, ಡಾಕ್ಟರುಗಳು ಈ ಕಟ್ಟನ್ನ ಕತ್ತರಿಸುತ್ತಿದ್ದರು. ಅಂಥವರನ್ನ ಕ್ಯಾಲ್ಟೆಕ್‌ನ ರೋಜರ್ ಸ್ಪೆರ್ರಿ ಮತ್ತು ಅವರ ಶಿಷ್ಯ ಮೈಕಲ್ ಗಜಾನಿಗಾ ಪರೀಕ್ಷೆ ಮಾಡಿದರು.

ಎದುರಿನ ಪರದೆಯ ಎಡಭಾಗದಲ್ಲಿ ಒಂದು ವಸ್ತುವಿನ ಹೆಸರೋ ಚಿತ್ರವೋ ಕ್ಷಣಮಾತ್ರ ತೋರಿಸುತ್ತಾರೆ. ಎಡಗಡೆ ಕಂಡದ್ದು ಬಲ ಮೆದುಳಿಗೆ ಹೋಗುತ್ತೆ. ಮಾತು ಹೆಚ್ಚಿನ ಜನರಲ್ಲಿ ಎಡ ಮೆದುಳಿನ ಕೆಲಸ. ಮಧ್ಯದ ಬಸ್ ಕಟ್ ಆಗಿದೆ. “ಏನು ಕಂಡಿತು?” ಅಂತ ಕೇಳಿದ್ರೆ ರೋಗಿ “ಏನೂ ಕಾಣಲಿಲ್ಲ” ಅಂತಾರೆ. ಆದ್ರೆ ಅವರ ಎಡಗೈ, ಮುಂದಿಟ್ಟ ವಸ್ತುಗಳ ನಡುವೆ ತಡಕಾಡಿ ಸರಿಯಾದ ವಸ್ತುವನ್ನೇ ಎತ್ತಿಕೊಳ್ಳುತ್ತೆ! ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಈ ಕೆಲಸಕ್ಕೆ ಸ್ಪೆರ್ರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು.

ಅಂದ್ರೆ ಎರಡು ಅರ್ಧಗಳ ಕೆಲಸದಲ್ಲಿ ವ್ಯತ್ಯಾಸ ಇರೋದು ನಿಜ. ಆದ್ರೆ ಅದು ಬಸ್ ಕಟ್ ಆದವರ ಕಥೆ. ನಮ್ಮ ನಿಮ್ಮ ತಲೇಲಿ, ಪುಟ್ಟಿ ತಲೇಲಿ, ಬಸ್ ಚೆನ್ನಾಗೇ ಇದೆ. “ಈ ಕೆಲಸಕ್ಕೆ ಮೆದುಳಿನ ಈ ಭಾಗ ಹೆಚ್ಚು ಬಳಕೆಯಾಗುತ್ತೆ” ಅನ್ನೋದು ಒಂದು ಮಾತು. “ಈ ಮನುಷ್ಯನೇ ಬಲ ಮೆದುಳಿನವನು” ಅನ್ನೋದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಹಾರಿದ್ದು ಪುಸ್ತಕ ಮಾರುವವರು, ತರಬೇತಿ ಕೊಡುವವರು. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 7ರಿಂದ 29 ವರ್ಷದೊಳಗಿನ ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದರು. ಇವರು ಎಡದವರು, ಇವರು ಬಲದವರು ಅಂತ ಜನರನ್ನ ವಿಂಗಡಿಸೋಕೆ ಅವರಿಗೆ ಆಧಾರ ಸಿಗಲಿಲ್ಲ.

‘ನಾನು ವಿಶುವಲ್ ಲರ್ನರ್, ಅವನು ಆಡಿಟರಿ ಲರ್ನರ್’ ಅನ್ನೋದೂ ಇದೇ ಜಾತಿಯದು. ಅದು ನಿಜ ಆಗಬೇಕಾದ್ರೆ ಚಿತ್ರದವರಿಗೆ ಚಿತ್ರ ತೋರಿಸಿ, ಕೇಳುವವರಿಗೆ ಕೇಳಿಸಿ, ಆಮೇಲೆ ಅದಲುಬದಲು ಮಾಡಿ ನೋಡಬೇಕು. ಅವರವರ ಶೈಲಿಯಲ್ಲಿ ಕಲಿತಾಗಲೇ ಮಾರ್ಕ್ಸ್ ಜಾಸ್ತಿ ಬರಬೇಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಜೊತೆಗಾರರು ಅಷ್ಟು ದಿನದ ಸಂಶೋಧನೆಗಳನ್ನೆಲ್ಲಾ ಜಾಲಾಡಿದರು. ಈ ರೀತಿ ಸರಿಯಾಗಿ ಮಾಡಿದ ಪ್ರಯೋಗಗಳೇ ಬೆರಳೆಣಿಕೆಯಷ್ಟು ಇದ್ದವು. ಇದ್ದವುಗಳಲ್ಲೂ ಹಲವು ಈ ವಾದಕ್ಕೆ ಉಲ್ಟಾ ಹೊಡೆಯುತ್ತಿದ್ದವು. ಶಾಲೆಗಳು ಇದಕ್ಕೆ ದುಡ್ಡು ಸುರಿಯೋಕೆ ತಕ್ಕ ಆಧಾರ ಇಲ್ಲ ಅಂತ ಬರೆದರು.

ಇಲ್ಲಿಗೆ ನಿಲ್ಲಿಸಿದ್ರೆ ನಾನು ಗೆದ್ದೆ, ಚಿಕ್ಕಮ್ಮ ಸೋತರು. ಆದ್ರೆ ಆ ವಾರದಲ್ಲಿ ನಾನು ಮನೇಲಿ ಕಂಡದ್ದು ಬೇರೆ.

ಶಾಲೆ ಬಿಟ್ಟ ಪುಟ್ಟಿ

ಹೋದ ವರ್ಷ ನಾನು ನೋಡಿದ ಪುಟ್ಟಿ ಬೆಳಗಾದ್ರೆ ಹೊಟ್ಟೆನೋವು ಅಂತ ಅಳುತ್ತಿದ್ದಳು. ಭಾನುವಾರ ಮಾತ್ರ ಹೊಟ್ಟೆನೋವು ಬರುತ್ತಿರಲಿಲ್ಲ. ಡಾಕ್ಟರ್ ಏನೂ ಇಲ್ಲ ಅಂದಿದ್ದರು. ಕ್ಲಾಸಲ್ಲಿ ಎದ್ದು ನಿಂತು ಮಗ್ಗಿ ಹೇಳಬೇಕಿತ್ತಂತೆ. ತಪ್ಪಿದ್ರೆ ಹಾಗೇ ನಿಂತಿರಬೇಕಿತ್ತಂತೆ.

ಈ ಸಲದ ಪುಟ್ಟಿ ಬೆಳಗ್ಗೆ ತಾನೇ ಎದ್ದು ಅಜ್ಜಿ ಜೊತೆ ಹೂ ಬಿಡಿಸಿ, ಇಡ್ಲಿ ತಿಂದು, ಜಗುಲಿ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದಳು. ಮಧ್ಯಾಹ್ನದವರೆಗೆ ಓದು, ಬರಹ, ಸ್ವಲ್ಪ ಲೆಕ್ಕ. ಆಮೇಲೆ ಚಿತ್ರ, ಮಣ್ಣು, ಸೈಕಲ್ಲು. ಪ್ರಶ್ನೆಗಳೋ, ಸುರಿಮಳೆ. “ಅಕ್ಕ, ನೆರಳು ಯಾಕೆ ಮಧ್ಯಾಹ್ನ ಚಿಕ್ಕದಾಗುತ್ತೆ?” ನನ್ನ ಇಡೀ ಪಿಯುಸಿಯಲ್ಲಿ ನಾನು ಟೀಚರಿಗೆ ಇಷ್ಟು ಪ್ರಶ್ನೆ ಕೇಳಿಲ್ಲ. ಹೊಟ್ಟೆನೋವು? ಹೇಳಹೆಸರಿಲ್ಲ.

ಅಮೆರಿಕದಲ್ಲಿ ಜಾನ್ ಹೋಲ್ಟ್ ಅಂತ ಒಬ್ಬ ಮೇಷ್ಟ್ರು ಇದ್ದರು. 1964ರಲ್ಲಿ ‘ಹೌ ಚಿಲ್ಡ್ರನ್ ಫೇಲ್’ ಅನ್ನೋ ಪುಸ್ತಕ ಬರೆದರು. ತಮ್ಮ ಕ್ಲಾಸಿನ ಮಕ್ಕಳನ್ನೇ ಕೂತು ಗಮನಿಸಿ ಅವರು ಕಂಡುಕೊಂಡದ್ದು ಇಷ್ಟು: ಹೆದರಿದ ಮಗು ಯೋಚನೆ ಮಾಡಲ್ಲ, ಊಹೆ ಮಾಡುತ್ತೆ. ಟೀಚರ್ ಮುಖ ನೋಡಿ ಉತ್ತರ ಹುಡುಕುತ್ತೆ. ಶಾಲೆಯನ್ನ ಸುಧಾರಿಸಬಹುದು ಅಂತ ವರ್ಷಗಟ್ಟಲೆ ನಂಬಿದ್ದ ಹೋಲ್ಟ್, ಕೊನೆಗೆ ಆಸೆ ಬಿಟ್ಟು 1977ರಲ್ಲಿ ಮನೆಯಲ್ಲೇ ಕಲಿಸುವ ಅಪ್ಪ ಅಮ್ಮಂದಿರಿಗಾಗಿ ಒಂದು ಪತ್ರಿಕೆ ಶುರು ಮಾಡಿದರು. ಗಮನಿಸಿ, ಅವರ ಈ ವಾದಕ್ಕೆ ಎಡ ಬಲ ಮೆದುಳು ಬೇಕಾಗಿಲ್ಲ. ಅದು ನಿಂತಿರೋದು ಭಯದ ಮೇಲೆ. ಭಯ ತೆಗೆದ್ರೆ ಮಗು ಕಲಿಯುತ್ತೆ. ಯಾವ ಮಗುವಾದ್ರೂ.

ಪುಟ್ಟಿಗೆ ಆದದ್ದೂ ಅದೇ ಅಂತ ನನಗನ್ನಿಸಿತು. ಔಷಧಿ ಕೆಲಸ ಮಾಡಿದೆ. ಬಾಟ್ಲಿ ಮೇಲಿನ ಲೇಬಲ್ ಮಾತ್ರ ತಪ್ಪು. ಲೇಬಲ್ ತಪ್ಪಿದ್ರೆ ಏನಾಯ್ತು, ಮಗು ಖುಷಿಯಾಗಿದೆಯಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಸುಮ್ಮನಾಗಿದ್ದೆ, ಒಂದು ದಿನ ಸಂಜೆವರೆಗೆ.

ಅವತ್ತು ಎಳ್ಳು ಬೆಲ್ಲ ಪೊಟ್ಟಣ ಕಟ್ಟುತ್ತಿದ್ವಿ. “ಪುಟ್ಟಿ, 48 ಪೊಟ್ಟಣ ಇದೆ, ಆರು ಮನೆಗೆ ಸಮವಾಗಿ ಕೊಟ್ರೆ ಮನೆಗೆ ಎಷ್ಟು?” ಅಂತ ಸುಮ್ಮನೆ ಕೇಳಿದೆ. ಅವಳು ತಲೆ ಎತ್ತದೆ, ಅಳದೆ, ತುಂಬಾ ಸಹಜವಾಗಿ ಹೇಳಿದಳು: “ನಂಗೆ ಭಾಗಾಕಾರ ಬರಲ್ಲ ಅಕ್ಕ. ನಾನು ರೈಟ್ ಬ್ರೈನ್.”

ಹೋದ ವರ್ಷ ಅವಳಿಗೆ ಭಾಗಾಕಾರ ಅಂದ್ರೆ ಭಯ ಇತ್ತು. ಈ ವರ್ಷ ಭಯ ಇಲ್ಲ. ಅದರ ಜಾಗದಲ್ಲಿ ಒಂದು ತೀರ್ಮಾನ ಬಂದು ಕೂತಿದೆ. ಭಯ ಹೋಗಬಹುದು. “ನಾನಿರೋದೇ ಹೀಗೆ” ಅನ್ನೋದು ಅಷ್ಟು ಸುಲಭಕ್ಕೆ ಹೋಗಲ್ಲ.

169 ಚುಕ್ಕಿ

ಹಬ್ಬದ ಹಿಂದಿನ ರಾತ್ರಿ ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕೋದು ನಮ್ಮ ಮನೆ ಪದ್ಧತಿ. ಪುಟ್ಟಿಯದೇ ಉಸ್ತುವಾರಿ. ಹದಿನೈದು ಚುಕ್ಕಿಯಿಂದ ಎಂಟರವರೆಗೆ. ಗೊತ್ತಿಲ್ಲದವರಿಗೆ: ಮಧ್ಯದ ಸಾಲಲ್ಲಿ 15 ಚುಕ್ಕಿ, ಅದರ ಮೇಲೆ ಕೆಳಗೆ ಎರಡು ಚುಕ್ಕಿ ನಡುವೆ ಒಂದರಂತೆ 14, ಆಮೇಲೆ 13, ಹೀಗೆ ಎಂಟಕ್ಕೆ ಇಳಿಸಿಕೊಂಡು ಹೋಗೋದು. ಇಟ್ಟು ಮುಗಿಸಿದಾಗ ಆರು ಮೂಲೆಯ ಆಕಾರ ಬರುತ್ತೆ. ಎಂಜಿನಿಯರಿಂಗ್ ಗ್ರಾಫಿಕ್ಸ್‌ನಲ್ಲಿ ಷಟ್ಕೋನ ಬರೆಯೋಕೆ ನಾನು ಎಷ್ಟು ಶೀಟ್ ಹಾಳು ಮಾಡಿದೀನೋ! ಇವಳು ಸ್ಕೇಲೂ ಇಲ್ಲದೆ ಕೈಯಲ್ಲೇ ಇಟ್ಟುಬಿಟ್ಟಳು.

“ಒಟ್ಟು ಎಷ್ಟು ಚುಕ್ಕಿ ಇರಬಹುದು?” ಅಂದೆ. ಲೆಕ್ಕ ಅಂತ ಹೇಳಲಿಲ್ಲ.

ನಾನು ಮನಸ್ಸಲ್ಲೇ ಸಾಲು ಸಾಲಾಗಿ ಕೂಡಿಸಿದೆ. ಮಧ್ಯೆ 15, ಅದರ ಮೇಲೆ 14ರಿಂದ 8ರವರೆಗೆ ಕೂಡಿದ್ರೆ 77, ಕೆಳಗೂ 77. ಒಟ್ಟು 169. ಪುಟ್ಟಿ ಹಾಗೆ ಮಾಡಲಿಲ್ಲ. ನಡುಮಧ್ಯದ ಒಂದು ಚುಕ್ಕಿ ಮೇಲೆ ಬೆರಳಿಟ್ಟಳು. ಅದರ ಸುತ್ತ ಎಣಿಸಿದಳು: ಆರು. ಅದರಾಚೆ ಸುತ್ತು: ಹನ್ನೆರಡು. ಅದರಾಚೆ: ಹದಿನೆಂಟು. ನಾಲ್ಕನೇ ಸುತ್ತು ಎಣಿಸುತ್ತಾ ಎಣಿಸುತ್ತಾ ಮಧ್ಯದಲ್ಲೇ ನಿಂತಳು. “ಅಕ್ಕ, ತಡಿ. ಇದು ಆರರ ಮಗ್ಗಿ!”

ಹೌದಲ್ಲ! 6, 12, 18, 24, 30, 36, 42. ಏಳು ಸುತ್ತು. ನಿಂತುಕೊಂಡು ಹೇಳೋಕಾಗದ ಮಗ್ಗಿ ಬಾಗಿಲ ಮುಂದೆ ಬಿದ್ದುಕೊಂಡಿತ್ತು. ಇಷ್ಟು ವರ್ಷ ರಂಗೋಲಿ ಹಾಕಿದ ನನಗೂ ಅದು ಕಂಡಿರಲಿಲ್ಲ. ಕೂಡಿಸೋಕೆ ಅವಳಿಗೆ ಕಾಗದ ಬೇಕಾಯ್ತು, ಎರಡು ಸಲ ತಪ್ಪಾಯ್ತು, ಮೂರನೇ ಸಲ 168 ಬಂತು. ಮಧ್ಯದ ಒಂದು ಸೇರಿ 169.

ಆಮೇಲೆ ನಾನು ಮಧ್ಯದಿಂದ ಆರು ಮೂಲೆಗೂ ಬೆರಳಲ್ಲಿ ಗೆರೆ ತೋರಿಸಿ, “ಮಧ್ಯದ ಚುಕ್ಕಿ ಬಿಟ್ಟು, ಇದನ್ನ ಪಿಜ್ಜಾ ಥರ ಆರು ಜನಕ್ಕೆ ಹಂಚಿದ್ರೆ?” ಅಂದೆ. ಒಂದು ತುಂಡಿನಲ್ಲಿ ಒಳಗಿಂದ ಹೊರಕ್ಕೆ 1, 2, 3, 4, 5, 6, 7. ಕೂಡಿದ್ರೆ 28. ಅವಳೇ ಹೇಳಿದಳು. “ಇದಕ್ಕೇ ಕಣೇ ಭಾಗಾಕಾರ ಅನ್ನೋದು. 168 ಭಾಗಿಸು 6.” ಅವಳು ನನ್ನನ್ನ ಮೋಸಗಾರಳ ಥರ ನೋಡಿದಳು.

ದಯವಿಟ್ಟು ಇದನ್ನ ಸಿನಿಮಾ ಕ್ಲೈಮ್ಯಾಕ್ಸ್ ಮಾಡಬೇಡಿ. ಮಾರನೇ ದಿನ ನೋಟ್‌ಬುಕ್‌ನಲ್ಲಿ 91 ಭಾಗಿಸು 7 ಕೊಟ್ಟಾಗ ಪೆನ್ಸಿಲ್ ಬಿಸಾಡಿ ಅತ್ತಿದ್ದೂ ಇದೇ ಪುಟ್ಟಿ. “ನೋಡಿ, ಚಿತ್ರದ ಮೂಲಕ ಲೆಕ್ಕ ಬಂತು, ಅಂದ್ರೆ ಬಲ ಮೆದುಳೇ” ಅಂತಲೂ ಹೇಳಬೇಡಿ. ಅವಳು ಕಣ್ಣಲ್ಲಿ ಆಕಾರ ನೋಡಿದಳು, ಬಾಯಲ್ಲಿ ಎಣಿಸಿದಳು, ಕಾಗದದ ಮೇಲೆ ಕೂಡಿದಳು, ನನ್ನ ಜೊತೆ ಜಗಳ ಆಡಿದಳು. ಎಲ್ಲಾ ಸೇರಿ ಕಲಿತಳು. ನಾನು ಇಂಜಿನಿಯರಿಂಗ್ ಓದ್ತಿರೋಳು, ನನಗೂ ಆ ಸುತ್ತುಗಳು ಕಂಡ ಮೇಲೇ 169 ಅನ್ನೋದು ನಿಜಕ್ಕೂ ಅರ್ಥ ಆಗಿದ್ದು. ವಿಷಯಕ್ಕೆ ತಕ್ಕ ಹಾಗೆ ಕಲಿಸೋ ದಾರಿ ಬದಲಾಗಬೇಕು. ಅದಕ್ಕೆ ಮಕ್ಕಳನ್ನ ಎಡ ಬಲ ಅಂತ ಎರಡು ಗುಂಪು ಮಾಡಬೇಕಾಗಿಲ್ಲ.

ಲೇಬಲ್ ಬಾಗಿಲು ಮುಚ್ಚುತ್ತೆ

ಚಿಕ್ಕಮ್ಮನ ಪ್ಲಾನ್ ಪುಟ್ಟಿಯನ್ನ ಮುಂದೆ ಎನ್‌ಐಒಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ಕ್ಲಾಸ್ ಕಟ್ಟಿಸೋದು. ಅದು ಕೇಂದ್ರ ಸರ್ಕಾರದ ಮಂಡಳಿ. 14 ವರ್ಷ ತುಂಬಿದವರು ಸೇರಬಹುದು, ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತೆ. ನಮ್ಮ ದೇಶದಲ್ಲಿ ಮನೆಯಲ್ಲೇ ಓದೋ ಎಷ್ಟೋ ಮಕ್ಕಳಿಗೆ ಇದೇ ಆಸರೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುವ 2009ರ ಕಾಯ್ದೆ ಶಾಲೆಯನ್ನ ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಮನೆಯಲ್ಲಿ ಕಲಿಸೋರಿಗೆ ಅದರಲ್ಲಿ ಪ್ರತ್ಯೇಕ ಜಾಗ ಇಲ್ಲ.

ಮುಕ್ತ ಶಾಲೆಯಲ್ಲಿ ವಿಷಯಗಳನ್ನ ನಾವೇ ಆರಿಸಿಕೊಳ್ಳಬಹುದು. ಚಿತ್ರಕಲೆ ಇದೆ, ಕನ್ನಡ ಇದೆ. ಗಣಿತ ಇಲ್ಲದೆಯೂ ಹತ್ತನೇ ಕ್ಲಾಸ್ ಪಾಸಾಗಬಹುದು. ಲೆಕ್ಕ ಇಷ್ಟವಿಲ್ಲ ಅಂತ 14ನೇ ವಯಸ್ಸಿಗೆ ಯೋಚನೆ ಮಾಡಿ ಬಿಟ್ಟವರಿಗೆ ಇದು ಒಳ್ಳೇ ಅವಕಾಶ. ಆದ್ರೆ ಒಂಬತ್ತನೇ ವಯಸ್ಸಿಗೆ ಒಂದು ಬೆರಳಚ್ಚಿನ ಯಂತ್ರ ಆ ತೀರ್ಮಾನ ಮಾಡಿಬಿಟ್ರೆ? ಆಮೇಲೆ ಪುಟ್ಟಿಗೆ ಆರ್ಕಿಟೆಕ್ಟ್ ಆಗಬೇಕು ಅನಿಸಿದ್ರೆ, ಅನಿಮೇಷನ್ ಸಾಫ್ಟ್‌ವೇರ್ ಬರೀಬೇಕು ಅನಿಸಿದ್ರೆ? ಚಿತ್ರ ಇಷ್ಟ ಅನ್ನೋ ಕಾರಣಕ್ಕೇ ಗಣಿತ ಬೇಕಾಗೋ ಕೆಲಸಗಳು ಎಷ್ಟಿವೆ ಅಂತ ನಮಗೆ ಗೊತ್ತು.

ನಮ್ಮ ನಾಡಿನದೇ ಉದಾಹರಣೆ ಇದೆ. ಶಿವರಾಮ ಕಾರಂತರು ಕಾಲೇಜು ಬಿಟ್ಟವರು. ಕಾದಂಬರಿ, ಯಕ್ಷಗಾನ, ಚಿತ್ರ, ಅದರ ಜೊತೆಗೇ ಮಕ್ಕಳಿಗಾಗಿ ಮೂರು ಸಂಪುಟದ ‘ಬಾಲಪ್ರಪಂಚ’ ಅನ್ನೋ ವಿಶ್ವಕೋಶ, ವಿಜ್ಞಾನದ ಪುಸ್ತಕಗಳು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದರು. ಅವರ ಮಗ ಉಲ್ಲಾಸ ಕಾರಂತರು ಚಿಕ್ಕಂದಿನಲ್ಲಿ ಕೆಲವು ವರ್ಷ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು. ಆಮೇಲೆ ಏನಾದರು? ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದರು! ಮುಂದೆ ಅದನ್ನ ಬಿಟ್ಟು ಹುಲಿಗಳ ಹಿಂದೆ ಹೋದರು. ನಾಗರಹೊಳೆ ಕಾಡಲ್ಲಿ ಕ್ಯಾಮೆರಾ ಇಟ್ಟು, ಪ್ರತಿ ಹುಲಿಯ ಪಟ್ಟೆ ಬೇರೆ ಬೇರೆ ಅನ್ನೋದನ್ನ ಬಳಸಿ, ಸಿಕ್ಕ ಫೋಟೋಗಳಿಂದ ಸಿಗದ ಹುಲಿಗಳನ್ನೂ ಸೇರಿಸಿ ಅಂದಾಜು ಮಾಡೋ ಸಂಖ್ಯಾಶಾಸ್ತ್ರದ ವಿಧಾನವನ್ನ ಹುಲಿ ಎಣಿಕೆಗೆ ತಂದರು. ಪಟ್ಟೆ ಗುರುತಿಸೋದು ಚಿತ್ರದ ಕೆಲಸ, ಅಂದಾಜು ಕಟ್ಟೋದು ಲೆಕ್ಕದ ಕೆಲಸ. ಈಗ ಹೇಳಿ, ಅವರದು ಎಡ ಮೆದುಳಾ, ಬಲ ಮೆದುಳಾ? ಮನೇಲಿ ಕಲಿತದ್ದು ಅವರಿಗೆ ಯಾವ ಬಾಗಿಲನ್ನೂ ಮುಚ್ಚಲಿಲ್ಲ. ಅಂಥ ಮನೆಶಾಲೆಗೆ ನನ್ನ ವೋಟು.

ಚಿಕ್ಕಮ್ಮನ ಪ್ರಶ್ನೆ

ಹೊರಡೋ ಹಿಂದಿನ ದಿನ ಅಡುಗೆಮನೇಲಿ ಚಿಕ್ಕಮ್ಮನ ಹತ್ರ ಕೂತು ಇದನ್ನೆಲ್ಲಾ ಹೇಳಿದೆ. ಸ್ಪೆರ್ರಿ, ಸ್ಕ್ಯಾನ್, ರಂಗೋಲಿ, ಎಲ್ಲಾ. ಅವರು ಕಾಯಿ ತುರಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು:

“ನೀನು ಹೇಳೋದು ಸರಿ ಇರಬಹುದು. ಆದ್ರೆ ಒಂದು ಕೇಳ್ತೀನಿ. ಒಂದು ವರ್ಷ ನಾನು ಬಾಯಿ ಬಡ್ಕೊಂಡೆ, ಮಗು ಒದ್ದಾಡ್ತಿದೆ ಅಂತ. ನಿಮ್ಮ ಚಿಕ್ಕಪ್ಪ ‘ಎಲ್ಲಾ ಮಕ್ಕಳೂ ಹಾಗೇನೇ’ ಅಂದ್ರು. ಅತ್ತೆ ನನ್ನ ಮುದ್ದು ಜಾಸ್ತಿಯಾಯ್ತು ಅಂದ್ರು. ಶಾಲೆಯೋರು ಟ್ಯೂಷನ್ ಹಾಕಿ ಅಂದ್ರು. ಈ ರಿಪೋರ್ಟ್ ಬಂದ ಮೇಲೇ ಎಲ್ಲರೂ ಬಾಯಿ ಮುಚ್ಚಿದ್ದು. ಇದಿಲ್ದಿದ್ರೆ ಯಾರು ನನ್ನ ಮಾತು ಕೇಳ್ತಿದ್ರು?”

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಆ ರಿಪೋರ್ಟ್ ಯಾಕೆ ಮಾರಾಟ ಆಗುತ್ತೆ ಅಂತ ಅವತ್ತು ಅರ್ಥವಾಯ್ತು. ಅದು ಮಾರೋದು ವಿಜ್ಞಾನ ಅಲ್ಲ, ಪರ್ಮಿಷನ್. ಒಂದು ಮಗುವಿನ ಜೊತೆ ನಿಧಾನವಾಗಿ, ಹೆದರಿಸದೆ ಇರೋಕೆ ಅಮ್ಮನಿಗೆ ಬೇಕಾದ ಅನುಮತಿ ಪತ್ರ. ಅಮ್ಮ ಹೇಳಿದ್ರೆ ಸಾಲಲ್ಲ, ಮಗು ಅತ್ತರೆ ಸಾಲಲ್ಲ, ಪೈ ಚಾರ್ಟ್ ಹೇಳಿದ್ರೆ ಮಾತ್ರ ನಾವು ನಂಬ್ತೀವಿ. ತಪ್ಪು ಬರೀ ಯಂತ್ರ ತಂದವರದಲ್ಲ. ಅದಿಲ್ಲದೆ ನಂಬದ ನಮ್ಮದೂ ಇದೆ. ಮೊದಲ ದಿನವೇ ‘ಬುರುಡೆ’ ಅಂದು ಎದ್ದ ನಾನೂ ಅದರಲ್ಲಿ ಇದ್ದೀನಿ.

ಇಲ್ಲೊಂದು ಎಚ್ಚರಿಕೆ. ಕೆಲವು ಮಕ್ಕಳಿಗೆ ನಿಜವಾಗಿಯೂ ಓದೋಕೆ, ಬರೆಯೋಕೆ, ಲೆಕ್ಕಕ್ಕೆ ತೊಂದರೆ ಇರುತ್ತೆ. ಡಿಸ್ಲೆಕ್ಸಿಯಾ ಕಟ್ಟುಕಥೆ ಅಲ್ಲ. ಆ ಅನುಮಾನ ಇದ್ರೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಿಳಿದವರು ಕೂತು ಪರೀಕ್ಷೆ ಮಾಡ್ತಾರೆ. ಬೆರಳಚ್ಚು ಕೇಳಲ್ಲ.

ಕೆಲಸ ಬಿಡೋಕಾಗದ ಅಮ್ಮಂದಿರು

ಇನ್ನೊಂದು ಮಾತು ಹೇಳದಿದ್ರೆ ಈ ಲೇಖನ ಅರ್ಧ. ಚಿಕ್ಕಮ್ಮ ಕೆಲಸ ಬಿಡೋಕಾಯ್ತು, ಯಾಕಂದ್ರೆ ಚಿಕ್ಕಪ್ಪನ ಸಂಬಳ ಇದೆ. ಎಷ್ಟು ಮನೆಗಳಲ್ಲಿ ಹೀಗೆ ಸಾಧ್ಯ? ಗಾರ್ಮೆಂಟ್ಸ್‌ಗೆ ಹೋಗೋ ಅಮ್ಮ ಏನು ಮಾಡಬೇಕು? ಅವಳ ಮಗಳಿಗೂ ಬೆಳಗ್ಗೆ ಹೊಟ್ಟೆನೋವು ಬರುತ್ತೆ.

ಇದನ್ನ ನನ್ನ ರೂಮ್‌ಮೇಟ್ ಹತ್ರ ಹೇಳಿದಾಗ ಅವಳು ನಕ್ಕಳು. “ನಿಧಾನಕ್ಕೆ ಕಲಿಯೋಕೆ ಶಾಲೆ ಬಿಡಬೇಕಾ? ನಾವು ಸರ್ಕಾರಿ ಶಾಲೇಲೇ ಹಾಗೆ ಕಲಿತ್ವಿ ಕಣೇ, ನಲಿ ಕಲಿ.” ಇಂಗ್ಲಿಷ್ ಮೀಡಿಯಂನ ನನಗೆ ಆ ಹೆಸರು ಬಿಟ್ರೆ ಬೇರೇನೂ ಗೊತ್ತಿರಲಿಲ್ಲ. ಅವಳೇ ವಿವರಿಸಿದಳು. ಬೆಂಚ್ ಇಲ್ಲ, ನೆಲದ ಮೇಲೆ ಗುಂಪು ಗುಂಪಾಗಿ ಕೂರೋದು. ಒಂದು, ಎರಡು, ಮೂರನೇ ಕ್ಲಾಸಿನವರು ಒಟ್ಟಿಗೆ. ಚಿತ್ರ ಇರೋ ಕಾರ್ಡುಗಳು, ಗೋಡೆ ಮೇಲೆ ಕಲಿಕೆಯ ಏಣಿ. ಒಂದು ಮೆಟ್ಟಿಲು ಬಂದ ಮೇಲೆ ಮುಂದಿನ ಮೆಟ್ಟಿಲು. ಜ್ವರ ಬಂದು ವಾರ ತಪ್ಪಿಸಿಕೊಂಡ್ರೆ ನಿಲ್ಲಿಸಿದ್ದ ಮೆಟ್ಟಿಲಿಂದಲೇ ಶುರು. ಆಮೇಲೆ ನಾನೂ ಓದಿಕೊಂಡೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಲ್ಲಿ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪ್ರಯೋಗ ನೋಡಿ ಬಂದ ಮೇಷ್ಟ್ರುಗಳ ಕೈಯಲ್ಲಿ ಶುರುವಾದದ್ದು. 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಬಂತು.

ಎಲ್ಲಾ ಶಾಲೇಲೂ ಚೆನ್ನಾಗಿ ನಡೀತಿತ್ತು ಅಂತ ಅವಳೂ ಹೇಳಲ್ಲ. ಟೀಚರ್ ಒಬ್ಬರೇ ಇದ್ರೆ ಕಷ್ಟ, ಕಾರ್ಡು ಹರಿದ್ರೆ ಹೊಸದು ಬರೋದು ತಡ. ಆದ್ರೂ ಯೋಚನೆ ನೋಡಿ. ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಲಿ ಅಂತ ನಮ್ಮ ಸರ್ಕಾರಿ ಶಾಲೆಗಳು ಇಷ್ಟು ವರ್ಷದ ಹಿಂದೆಯೇ ಒಪ್ಪಿಕೊಂಡಿವೆ. ಅಲ್ಲಿ ಯಾರೂ ಮಗುವಿನ ಮೆದುಳಿನ ಯಾವ ಭಾಗ ಅಂತ ಕೇಳಲಿಲ್ಲ. ಫೀಸು ಕಟ್ಟಿ ನಾನು ಓದಿದ ಶಾಲೇಲಿ ನನಗೆ ಸಿಗದ ಏಣಿ ಅವಳಿಗೆ ಪುಕ್ಕಟೆ ಸಿಕ್ಕಿತ್ತು.

ನಮ್ಮ ಹಾಸ್ಟೆಲ್ ಕಾರಿಡಾರ್‌ಗೆ ಬರೋಣ

ಇದು ಒಂಬತ್ತು ವರ್ಷದ ಮಕ್ಕಳ ಕಥೆ, ನಮಗೇನು ಅಂತೀರಾ? ಇಂಟರ್ನಲ್ಸ್ ಹಿಂದಿನ ರಾತ್ರಿ ಯಾವುದಾದ್ರೂ ರೂಮಿನ ಬಾಗಿಲಲ್ಲಿ ನಿಂತು ಕೇಳಿ. “ನಂದು ಕೋಡಿಂಗ್ ಬ್ರೈನ್ ಅಲ್ಲ.” “ನಾನು ಥಿಯರಿ ಟೈಪ್, ಪ್ರಾಬ್ಲಮ್ ಆಗಲ್ಲ.” “ನಾನು ವಿಶುವಲ್ ಲರ್ನರ್, ಬುಕ್ ಓದೋಕಾಗಲ್ಲ, ವಿಡಿಯೋನೇ ಬೇಕು.” ಬಾಯಿ ಬೇರೆ, ಮಾತು ಪುಟ್ಟಿಯದೇ. ನಮಗೆ ಯಾರೂ ಬೆರಳಚ್ಚು ತೆಗೆದಿಲ್ಲ. ಒಂದು ಬ್ಯಾಕ್‌ಲಾಗ್ ಸಾಕು, ರಿಪೋರ್ಟ್ ನಾವೇ ಬರ್ಕೊಂಡಿದೀವಿ.

ನನ್ನ ರಿಪೋರ್ಟೂ ಒಂದಿತ್ತು. “ನಾನು ಇಂಗ್ಲಿಷ್ ಮೀಡಿಯಂ, ನಂಗೆ ಕನ್ನಡದಲ್ಲಿ ಬರೆಯೋಕೆ ಬರಲ್ಲ.” ಹೋದ ವರ್ಷ ಕನ್ನಡ ಸಂಘದ ಸೀನಿಯರ್ ಲೇಖನ ಕೇಳಿದಾಗ ಇದೇ ಹೇಳಿ ತಪ್ಪಿಸಿಕೊಂಡಿದ್ದೆ. ಎಷ್ಟು ಆರಾಮಾಗಿತ್ತು ಗೊತ್ತಾ? ಬರಲ್ಲ ಅಂತ ಒಮ್ಮೆ ಹೇಳಿಬಿಟ್ರೆ ಪ್ರಯತ್ನ ಮಾಡೋ ಕಷ್ಟವೂ ಇಲ್ಲ, ತಪ್ಪಾಗೋ ನಾಚಿಕೆಯೂ ಇಲ್ಲ. ಪುಟ್ಟಿ ತಲೆ ಎತ್ತದೆ ಹೇಳಿದ ಮಾತು ನನಗೆ ಅಷ್ಟು ಚುಚ್ಚಿದ್ದು ಅದಕ್ಕೇ ಇರಬೇಕು.

ಈ ಲೇಖನ ಬರೆಯೋಕೆ ನನಗೆ ಹದಿನಾರು ದಿನ ಹಿಡಿಯಿತು. ಒತ್ತಕ್ಷರಗಳನ್ನ ರೂಮ್‌ಮೇಟ್ ತಿದ್ದಿದಳು, ಅವಳಿಗೆ ಇನ್ನೂ ಎರಡು ಮಸಾಲೆ ದೋಸೆ ಬಾಕಿ ಇದೆ.

ಮೊನ್ನೆ ಚಿಕ್ಕಮ್ಮ ಫೋನ್ ಮಾಡಿದ್ದರು. ಪುಟ್ಟಿ ಮನೆಯಲ್ಲೇ ಓದುತ್ತಿದ್ದಾಳೆ, ಮುಂದಿನ ವರ್ಷದ ಬಗ್ಗೆ ಇನ್ನೂ ತೀರ್ಮಾನ ಆಗಿಲ್ಲ. ರಿಪೋರ್ಟ್ ಎಸೆದ್ರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದ್ರೆ ಪುಟ್ಟಿ ಫೋನ್ ಕಿತ್ಕೊಂಡು ಕೇಳಿದ್ದು ಇದು: “ಅಕ್ಕ, 21 ಚುಕ್ಕಿಯಿಂದ 11ಕ್ಕೆ ಇಳಿಸಿದ್ರೆ ಒಟ್ಟು ಎಷ್ಟು ಹೇಳು ನೋಡೋಣ?”

ನಾನು ಹೇಳಲ್ಲ. ನೀವೇ ಮಾಡಿ. “ನಂಗೆ ಬರಲ್ಲ” ಅಂತ ಮಾತ್ರ ಹೇಳಬೇಡಿ.